ಆಲೆಮನೆಯಲ್ಲಿದ್ದ ಜರ್ಮನಿ ಕಾರು

ಬಾನೆಟ್ ಎತ್ತಿದ ಕೂಡಲೇ ಮೂಗಿಗೆ ಬಡಿದದ್ದು ಪೆಟ್ರೋಲಿನ ವಾಸನೆಯಲ್ಲ, ಬೆಲ್ಲದ ವಾಸನೆ. ಆರು ಸಿಲಿಂಡರು, ಮೂರು ಲೀಟರು, ಮೇಲೊಂದು ಟರ್ಬೊ. ಜರ್ಮನಿಯವರು ತಮ್ಮ ವಿದ್ಯೆಯನ್ನೆಲ್ಲ ಸುರಿದು ಕಟ್ಟಿದ ಆ ಎಂಜಿನ್ನಿನ ಮೇಲೆ ಕಬ್ಬಿನ ಸಿಪ್ಪೆಯ ಬೂದಿ ವಿಭೂತಿಯ ಹಾಗೆ ಕೂತಿತ್ತು. ಒಂದು ಸಾಲು ಇರುವೆ ಫ್ಯೂಸ್ ಪೆಟ್ಟಿಗೆಯ ಕಡೆಗೆ ಯಾತ್ರೆ ಹೊರಟಿತ್ತು. ಚಪ್ಪಲಿ ಬಿಟ್ಟು ನಿಲ್ಲಬೇಕೋ ಏನೋ ಎಂದು ನಾನು ಒಂದು ಕ್ಷಣ ಯೋಚಿಸಿದ್ದುಂಟು.

ಜಾಗ, ಆತಗೂರಿನಿಂದ ಸ್ವಲ್ಪ ಆಚೆ ಇರುವ ಒಂದು ಆಲೆಮನೆ. ನನ್ನ ಗ್ಯಾರೇಜು ಇರುವುದು ಮಂಡ್ಯದ ಗುತ್ತಲಿನಲ್ಲಿ. ಅಲ್ಲಿಂದ ನನ್ನನ್ನು ಇಲ್ಲಿಗೆ ಕರೆತಂದವರು ಮದ್ದೂರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳುವ ಒಬ್ಬ ಮೇಡಂ. ಅವರ ಸ್ಕೂಟರನ್ನೂ ಆಮೇಲೆ ಕೊಂಡ ಸಣ್ಣ ಕಾರನ್ನೂ ನೋಡಿಕೊಂಡು ಬಂದವನು ನಾನು. ಬ್ರೇಕ್ ಸವೆಯುವ ಮೊದಲೇ ಬ್ರೇಕ್ ಬದಲಿಸಲು ಬರುವಂಥವರು. ಅಂಥವರು ಒಂದು ದಿನ ಗ್ಯಾರೇಜಿಗೆ ಬಂದು, ಎರಡು ಬಾಗಿಲಿನ ಹಳೆಯ ಜರ್ಮನಿ ಕಾರಿನ ಫೋಟೋ ತೋರಿಸಿ, ಇದು ಹೊಸ ಸಣ್ಣ ಕಾರಿನ ಬೆಲೆಗೆ ಸಿಗುತ್ತಿದೆ ಎಂದಾಗ ನಾನು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟೆ.

"ಯಾಕೆ ಮೇಡಂ? ಏನು ಕೊರತೆ ಆಯ್ತು?"

"ಇಪ್ಪತ್ತು ವರ್ಷದಿಂದ ಬೋರ್ಡಿನ ಮೇಲೆ ವೇಗೋತ್ಕರ್ಷ ಬರೀತಿದೀನಿ ಅಣ್ಣ. ಒಂದ್ಸಲನೂ ಬೆನ್ನಿಗೆ ತಗುಲಿಲ್ಲ."

ನಾನು ಕೈ ಒರೆಸಿಕೊಂಡು ಫೋಟೋವನ್ನು ಮತ್ತೊಮ್ಮೆ ನೋಡಿದೆ.

"ಚೀಟಿ ದುಡ್ಡು ಬಂದಿದೆ," ಅಂದರು. "ಇಂಥದ್ದು ನನ್ನ ಕೈಗೆ ಬರೋದು ಇದೊಂದೇ ಸಲ. ಹೋದ್ರೆ ಹೋಯ್ತು, ಮತ್ತೆ ಕೂಡ್ಸಕ್ಕಾಗಲ್ಲ. ಅದಕ್ಕೇ ನೀವು ನೋಡ್ಬೇಕು. ನೀವು ಬೇಡ ಅಂದ್ರೆ ಬೇಡ."

ಹೀಗೆ ಒಬ್ಬರ ಇಡೀ ಚೀಟಿ, ಅದರ ಜೊತೆಗೆ ಇಪ್ಪತ್ತು ವರ್ಷದ ಬೋರ್ಡು, ನನ್ನ ನಾಲಿಗೆಯ ಮೇಲೆ ಬಂದು ಕೂತವು.

ಕಾರಿನ ಒಡೆಯ ಆಲೆಮನೆಯ ಯಜಮಾನ. ಬೆಲ್ಲಕ್ಕೆ ಒಳ್ಳೆಯ ರೇಟು ಸಿಕ್ಕ ವರ್ಷ ಯಾರದೋ ಮಾತು ಕೇಳಿ ಬೆಂಗಳೂರಿನಿಂದ ಇದನ್ನು ತಂದಿದ್ದ. ಮನುಷ್ಯ ಮುಚ್ಚುಮರೆ ಇಲ್ಲದವನು.

"ಅನ್ನೊಂದು ಸಲ ಓಡ್ಸಿದೀನಿ ಮೇಸ್ತ್ರಿ. ಅನ್ನೆರಡ್ನೇ ಸಲ ರೋಡ್ ಅಂಪಿಗೆ ಒಟ್ಟೆ ಉಜ್ತು. ಅವತ್ತೇ ಕೈ ಮುಗ್ದು ಇಲ್ಲಿ ಕಟ್ಟಾಕ್ದೆ. ಎಲ್ಡು ವರ್ಸ ಆಯ್ತು."

"ಯಾಕೆ ಇಷ್ಟು ಕಡಿಮೆಗೆ ಕೊಡ್ತಿದ್ದೀರಾ?"

"ಇದ್ರದ್ದು ಒಂದು ಸರ್ವೀಸಿಗೆ ಒಂದು ಎಮ್ಮೆ ಬತ್ತದೆ ಕಣಪ್ಪ. ಎಮ್ಮೆ ಆದ್ರೆ ಆಲಾದ್ರೂ ಕೊಡ್ತದೆ."

ಅಗ್ಗದ ಗಾಡಿ ಅಗ್ಗವಾಗಲು ಒಂದು ಕಾರಣ ಇರಲೇಬೇಕು. ಆ ಕಾರಣವನ್ನು ಹುಡುಕುವುದೇ ನನ್ನ ಕೆಲಸ. ನನ್ನ ಕ್ರಮ ಹಳೆಯದು. ಪರೀಕ್ಷೆ ಮಾಡುವಾಗ ಪೆನ್ಸಿಲಿನಲ್ಲಿ ಕರಡು ಬರೆಯುತ್ತೇನೆ. ಎಡಕ್ಕೆ 'ಕಂಡದ್ದು', ಬಲಕ್ಕೆ 'ಕಾಣದ್ದು', ಕೆಳಗೆ 'ಇತರೆ'. ಮಾರನೆಯ ದಿನ ನೀಲಿ ಇಂಕಿನಲ್ಲಿ ಶುದ್ಧ ಪ್ರತಿ ಬರೆದು ಸಹಿ ಹಾಕಿ ಕೊಡುತ್ತೇನೆ. ಈಗಿನವರು ಫೋನಿನಲ್ಲೇ ಹೆಬ್ಬೆಟ್ಟಿನ ಚಿತ್ರ ಕಳಿಸಿ ಮುಗಿಸುತ್ತಾರೆ. ಹೆಬ್ಬೆಟ್ಟಿನ ಕಾಲ ಹೋಯಿತೆಂದು ನಾವು ತಿಳಿದಿದ್ದೆವು.

ಕಾಗದಪತ್ರ ಸರಿ ಇತ್ತು. ಸಾಲದ ನಮೂದು ಇಲ್ಲ, ವಿಮೆ ಇನ್ನೂ ಜೀವಂತ. ನಾಲೆ ಪಕ್ಕದ ಜಾಗವಾದ್ದರಿಂದ ನೀರಿನಲ್ಲಿ ಮುಳುಗಿದ ಗಾಡಿಯೋ ಎಂದು ನೋಡಿದೆ: ಸೀಟ್ ಬೆಲ್ಟನ್ನು ತುದಿಯವರೆಗೂ ಎಳೆದೆ, ಕಾರ್ಪೆಟ್ ಎತ್ತಿದೆ, ಸೀಟಿನ ಬೋಲ್ಟುಗಳನ್ನು ಮುಟ್ಟಿದೆ. ಕೆಸರಿನ ಗೆರೆ ಇಲ್ಲ, ತುಕ್ಕಿಲ್ಲ. ಬಣ್ಣದ ದಪ್ಪ ಅಳೆಯುವ ಯಂತ್ರವನ್ನು ಮೈತುಂಬ ಆಡಿಸಿದೆ. ಕಬ್ಬಿನ ಟ್ರಾಲಿ ಸವರಿಕೊಂಡು ಹೋದ ಒಂದು ಗೀರು ಬಿಟ್ಟರೆ ಕಾರ್ಖಾನೆಯಿಂದ ಬಂದ ಬಣ್ಣವೇ. ಟೈರುಗಳ ಪಕ್ಕದಲ್ಲಿ ಹುಟ್ಟಿದ ವಾರ, ವರ್ಷ ಸೂಚಿಸುವ ನಾಲ್ಕು ಅಂಕಿ ಇರುತ್ತವೆ. ಓದಿದೆ. ನೆಲ ಹಿಡಿಯುವ ಕಚ್ಚುಗಳ ಹೂವು ಚೆನ್ನಾಗಿ ಉಳಿದಿತ್ತು, ಆದರೆ ರಬ್ಬರು ಒಣಕೊಬ್ಬರಿಯಷ್ಟು ಗಟ್ಟಿ. ಇಂಥ ಟೈರು ನೋಡಲು ಹೊಸದು, ತಿರುವಿನಲ್ಲಿ ಜಾರಲು ಸಿದ್ಧ. ದಪ್ಪಕ್ಷರದಲ್ಲಿ ಬರೆದುಕೊಂಡೆ.

ಆಮೇಲೆ ಜಾಕ್ ಕೊಟ್ಟು, ಮರದ ದಿಮ್ಮಿ ಇಟ್ಟು, ಬೆನ್ನ ಮೇಲೆ ಮಲಗಿ ಕೆಳಗೆ ಹೋದೆ.

ಅಲ್ಲಿ ಕಂಡದ್ದನ್ನು ಕರಡಿನಲ್ಲಿ ಬರೆಯಲು ಕಾಲಂ ಇಲ್ಲ. ಚಕ್ರ ಹಿಡಿದ ತೋಳುಗಳೆಲ್ಲ ಅಲ್ಯೂಮಿನಿಯಂ, ಒಂದೊಂದೂ ಎಲ್ಲಿ ಬಲ ಬೀಳುತ್ತದೋ ಅಲ್ಲಿ ದಪ್ಪ, ಬೇಡದ ಕಡೆ ತೆಳು. ಬ್ರೇಕ್ ಡಿಸ್ಕು ನಮ್ಮ ಮನೆಯ ರೊಟ್ಟಿ ಹೆಂಚಿಗಿಂತ ದೊಡ್ಡದು. ಯಾರೂ ನೋಡದ ಜಾಗದಲ್ಲಿರುವ ಒಂದು ಸಣ್ಣ ಕ್ಲಿಪ್ಪಿನ ಅಂಚನ್ನೂ ಯಾರೋ ಪುಣ್ಯಾತ್ಮ ಕೈ ಕೊಯ್ಯದ ಹಾಗೆ ನಯ ಮಾಡಿದ್ದ. ಮೂವತ್ತೈದು ವರ್ಷ ಗಾಡಿಗಳ ಅಡಿಯಲ್ಲಿ ಮಲಗಿದ್ದೇನೆ. ಬೈಯದೆ ಮಲಗಿದ್ದು ಅದೇ ಮೊದಲು. ನಿಜ ಹೇಳಬೇಕೆಂದರೆ ಪರೀಕ್ಷೆ ಮುಗಿದು ಐದು ನಿಮಿಷವಾದರೂ ನಾನು ಏಳಲಿಲ್ಲ. ಯಜಮಾನ ಬಗ್ಗಿ ನೋಡಿ, "ನಿದ್ದೆ ಬಂತಾ ಮೇಸ್ತ್ರಿ?" ಅಂದ.

ಎದ್ದು ಎಣ್ಣೆಯ ಮಟ್ಟ ನೋಡುವ ಕಡ್ಡಿಗೆ ಕೈ ಹಾಕಿದೆ. ಕಡ್ಡಿ ಇಲ್ಲ. ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ, ಟಾರ್ಚ್ ಬಿಟ್ಟೆ. ಮೇಡಂ ಮೆಲ್ಲಗೆ, "ಇದಕ್ಕೆ ಕಡ್ಡಿ ಇರಲ್ವಂತೆ ಅಣ್ಣ. ಪರದೆ ಮೇಲೆ ತೋರಿಸುತ್ತಂತೆ," ಅಂದರು. ಎಣ್ಣೆ ಎಷ್ಟಿದೆ ಎಂದು ಪರದೆ ಹೇಳುತ್ತದೆ, ಹೇಗಿದೆ ಎಂದು ಹೇಳುವುದಿಲ್ಲ. ನಾಡಿ ಹಿಡಿಯಲು ಕೈಯನ್ನೇ ಕೊಡದ ರೋಗಿ ಇದು. ಸಿಟ್ಟಿನಿಂದಲೇ ಮೇಲೆ ಎಣ್ಣೆ ಸುರಿಯುವ ಮುಚ್ಚಳ ತಿರುಗಿಸಿ ತೆಗೆದೆ.

ಮುಚ್ಚಳದ ಒಳಗೆ ಬೆರಳು ದಪ್ಪದ ಕೆನೆ. ಹಾಲು ಜಾಸ್ತಿ ಹಾಕಿದ ಕಾಫಿಯ ಬಣ್ಣ.

ಗ್ಯಾರೇಜಿನವರಿಗೆ ಆ ಬಣ್ಣ ಕಂಡರೆ ಮೈ ತಣ್ಣಗಾಗುತ್ತದೆ. ಎಂಜಿನ್ನಿನ ಒಳಗೆ ಎಣ್ಣೆಯ ದಾರಿ ಬೇರೆ, ತಂಪಿಗೆ ಓಡಾಡುವ ಕೂಲೆಂಟ್ ನೀರಿನ ದಾರಿ ಬೇರೆ. ನಡುವೆ, ಎಂಜಿನ್ನಿನ ತಲೆಯ ಕೆಳಗೆ, ಇರುವುದು ಹಾಳೆಯಂಥ ತೆಳ್ಳನೆಯ ಒಂದು ಗ್ಯಾಸ್ಕೆಟ್. ಅದು ಸುಟ್ಟರೆ ನೀರು ಎಣ್ಣೆಗೆ ಸೇರಿ ಇಂಥ ಕೆನೆ ಆಗುತ್ತದೆ. ಕೂಲೆಂಟ್ ತೊಟ್ಟಿ ನೋಡಿದೆ. ಎರಡು ಬೆರಳು ಕಡಿಮೆ ಇತ್ತು. ಎರಡು ಸಾಕ್ಷಿ ಒಂದೇ ಮಾತು ಹೇಳಿದ ಮೇಲೆ ನ್ಯಾಯಾಧೀಶರಿಗೆ ಇನ್ನೇನು ಕೆಲಸ. ಈ ಎಂಜಿನ್ ಬಿಚ್ಚಿ ಆ ಗ್ಯಾಸ್ಕೆಟ್ ಬದಲಿಸುವ ಖರ್ಚಿನಲ್ಲಿ ಇಂಥದೇ ಇನ್ನೊಂದು ಕಾರು ಬರುತ್ತದೆ.

ಅಷ್ಟರಲ್ಲಿ ಯಜಮಾನನ ಹೆಂಡತಿ ಕಬ್ಬಿನ ಹಾಲು ತಂದುಕೊಟ್ಟರು. ನಿಂಬೆಹಣ್ಣು ಹಿಂಡಿದ, ಆಗ ತಾನೇ ಗಾಣದಿಂದ ಇಳಿದ ಹಾಲು. ಕಾರಿನ ಮೂತಿಯ ಮೇಲಿದ್ದ ಕುಂಕುಮವನ್ನು ಸೆರಗಿನ ತುದಿಯಿಂದ ಸರಿಮಾಡುತ್ತ ಹೇಳಿದರು: "ಇವ್ರು ತಿರುಗೂ ನೋಡ್ಲಿಲ್ಲ ಕಣಣ್ಣ. ನಾನೇ ಸುಕ್ರವಾರ ಸುಕ್ರವಾರ ತೊಳ್ದು, ಊದಿನಕಡ್ಡಿ ಅಚ್ಚಿ, ಉಡುಗ್ರ ಕೈಲಿ ಎಲ್ಡು ನಿಮಿಸ ಇಸ್ಟಾರ್ಟ್ ಮಾಡುಸ್ತಿದ್ದೆ. ಒಂದು ಸುಕ್ರವಾರನೂ ತಪ್ಸಿಲ್ಲ."

ನಾನು ಅದನ್ನು 'ಇತರೆ' ಎಂಬಲ್ಲಿ ಬರೆದುಕೊಂಡೆ. ಮನಸ್ಸಿನಲ್ಲಿ ಅದು ಧಾರ್ಮಿಕ ವಿಭಾಗಕ್ಕೆ ಸೇರಿತು.

ಮೇಡಂ ಅವರನ್ನು ಪಕ್ಕಕ್ಕೆ ಕರೆದು, "ಎಂಜಿನ್ನಿನ ತಲೆ ಹೋಗಿದೆ. ಬೇಡ," ಅಂದೆ.

ಅವರು ವಾದ ಮಾಡಲಿಲ್ಲ. ಕಾರಿನ ಮೇಲಿಟ್ಟಿದ್ದ ಕೈ ತೆಗೆದುಕೊಂಡರು. "ಸರಿ ಅಣ್ಣ. ಹಾಗಾದ್ರೆ ಮನೆ ಮೇಲೆ ಇನ್ನೊಂದು ರೂಮು ಕಟ್ಟಿಸ್ತೀನಿ." ರೂಮು ಕಟ್ಟಿಸುವವರು ಆ ದನಿಯಲ್ಲಿ ಮಾತಾಡುವುದಿಲ್ಲ.

ಮಾರನೆಯ ದಿನ ಬೆಳಿಗ್ಗೆ ಗ್ಯಾರೇಜಿನ ಮೇಜಿನ ಮುಂದೆ ಕೂತು ಶುದ್ಧ ಪ್ರತಿ ಶುರುಮಾಡಿದೆ. ತೀರ್ಪನ್ನು ಮೊದಲು ಬರೆಯುವುದು ನನ್ನ ಪದ್ಧತಿ: 'ಸದರಿ ವಾಹನವನ್ನು ಕೊಳ್ಳತಕ್ಕದ್ದಲ್ಲ.' ಅಕ್ಷರ ಚೆನ್ನಾಗಿ ಬಂತು. ಕೆಳಗೆ ಕಾರಣಗಳನ್ನು ನಕಲು ಮಾಡುತ್ತ ಬಂದೆ. 'ಕಂಡದ್ದು: ಮುಚ್ಚಳದಲ್ಲಿ ಕೆನೆ.' 'ಕಾಣದ್ದು: ತಳದ ಎಣ್ಣೆ, ಕಡ್ಡಿ ಇಲ್ಲದ ಕಾರಣ.' 'ಇತರೆ: ಪ್ರತಿ ಶುಕ್ರವಾರ ಎರಡು ನಿಮಿಷ ಸ್ಟಾರ್ಟ್.'

ಪೆನ್ನು ಅಲ್ಲಿ ನಿಂತಿತು.

ಪೆಟ್ರೋಲು ಉರಿದಾಗ ಹೊಗೆಯ ಜೊತೆ ನೀರಿನ ಹಬೆಯೂ ಹುಟ್ಟುತ್ತದೆ. ಎಂಜಿನ್ ಚೆನ್ನಾಗಿ ಕಾದರೆ ಆ ಹಬೆ ಹೊರಟುಹೋಗುತ್ತದೆ. ಕಾಯುವ ಮೊದಲೇ ಆರಿಸಿದರೆ ಒಳಗೇ ನೀರಾಗಿ, ಮೇಲಿನ ತಣ್ಣನೆಯ ಮುಚ್ಚಳಕ್ಕೆ ಅಂಟಿ, ಎಣ್ಣೆಯ ಜೊತೆ ಕಲೆಸಿ ಕೆನೆಯಾಗುತ್ತದೆ. ಒಂದು ಸಲಕ್ಕೆ ಒಂದು ಹನಿ. ಎರಡು ವರ್ಷ, ಒಂದೂ ತಪ್ಪದ ಶುಕ್ರವಾರಗಳು. ಆ ತಾಯಿ ಭಕ್ತಿಯಿಂದ ಮಾಡಿದ್ದು ಅಷ್ಟನ್ನೇ, ಮತ್ತು ನಾನು ಹೆಣ ಎಂದು ಬರೆಯಲು ಹೊರಟಿದ್ದು ಅದನ್ನೇ ನೋಡಿಯೋ ಏನೋ. ಇಷ್ಟು ವರ್ಷವೂ ಮುಚ್ಚಳ, ಕಡ್ಡಿ ಎರಡನ್ನೂ ನೋಡಿ ತೀರ್ಪು ಕೊಟ್ಟವನು, ಈ ಸಲ ಕಡ್ಡಿ ಇಲ್ಲದ ಸಿಟ್ಟಿಗೆ ಒಂದನ್ನೇ ನೋಡಿ ಕೊಟ್ಟುಬಿಟ್ಟಿದ್ದೆ.

ಬಾಯಲ್ಲಿ ಹೇಳಿದ ತೀರ್ಪನ್ನು ನಾನು ಅದುವರೆಗೆ ಹಿಂದೆಗೆದುಕೊಂಡವನಲ್ಲ. ಕೆನೆ ಪೂಜೆಯದೇ ಎಂಬ ಗ್ಯಾರಂಟಿಯೂ ಇರಲಿಲ್ಲ. ಸುಮ್ಮನಿದ್ದರೆ ನನ್ನ ಮರ್ಯಾದೆಯೂ ಮೇಡಂ ದುಡ್ಡೂ ಎರಡೂ ಭದ್ರ. ಮತ್ತೆ ಬಾಯಿ ತೆರೆದು, ಆಮೇಲೆ ಎಂಜಿನ್ ಕೈಕೊಟ್ಟರೆ ಎರಡೂ ಹೋಯಿತು. ಸ್ವಲ್ಪ ಹೊತ್ತು ಆ ಕಾಗದವನ್ನೇ ನೋಡುತ್ತ ಕೂತೆ. ಆಮೇಲೆ ಅದನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟು ಫೋನ್ ಮಾಡಿದೆ.

"ಮೇಡಂ, ನೆನ್ನೆ ನಾನು ಹೇಳಿದ್ದು ಪೂರ್ತಿ ಅಲ್ಲ."

"ಅಂದ್ರೆ ತಪ್ಪಾ?"

"ತಪ್ಪು ಅಂತ ಗೊತ್ತಿಲ್ಲ. ಸರಿ ಅಂತಲೂ ಗೊತ್ತಿಲ್ಲ."

ಆ ಕಡೆಯಿಂದ, ಪರೀಕ್ಷೆ ಪೇಪರು ತಿದ್ದುವವರ ದನಿಯಲ್ಲಿ, "ಅಂದ್ರೆ ಅಳತೇನೇ ಮಾಡಿಲ್ಲ ಅಂತ."

ಭಾನುವಾರ ಬೆಳಿಗ್ಗೆ ಅಳತೆಯ ಸಾಮಾನು, ಹೊಸ ಎಣ್ಣೆ, ಫಿಲ್ಟರು, ನಾಲ್ಕಾರು ರಬ್ಬರ್ ಬಳೆ ಎಲ್ಲ ಹೇರಿಕೊಂಡು ಮತ್ತೆ ಆಲೆಮನೆಗೆ ಹೋದೆವು. ಯಜಮಾನ ಬಾಗಿಲಲ್ಲೇ ನಿಂತಿದ್ದ.

"ಅವತ್ತು ಸತ್ತೋಗದೆ ಅಂದ್ರಿ. ಇವತ್ತು ಪೋಸ್ಟ್‌ಮಾರ್ಟಮ್ಮಾ?"

"ಉಸಿರು ಇದ್ಯಾ ಅಂತ ನೋಡಕ್ಕೆ ಬಂದೆ," ಅಂದೆ.

"ಅದ್ನ ಮೊದ್ಲು ನೋಡ್ಬೇಕಲ್ವರಾ?"

ಮೇಡಂ ಬೇರೆ ಕಡೆ ತಿರುಗಿ ನಿಂತರು. ನಕ್ಕಿರಬೇಕು.

ಮೊದಲ ಕೆಲಸ ತಳದ ಎಣ್ಣೆ ನೋಡುವುದು. ನೀರು ಎಣ್ಣೆಗಿಂತ ಭಾರ. ಗಾಡಿ ನಿಂತಿದ್ದರೆ ಅದು ತಳಕ್ಕೆ ಇಳಿದಿರುತ್ತದೆ, ತಳದ ಬೋಲ್ಟ್ ಬಿಚ್ಚಿದರೆ ಅದೇ ಮೊದಲು ಬರುತ್ತದೆ. ಅಡಿಗೆ ಹೋಗಿ, ಸ್ಟೀಲ್ ಲೋಟ ಹಿಡಿದು, ಬೋಲ್ಟನ್ನು ಎರಡು ಸುತ್ತು ಸಡಿಲಿಸಿದೆ. ಮೊದಲ ಹನಿ ಬಿತ್ತು. ಎಣ್ಣೆಯಲ್ಲ, ನೀರು. ಎರಡನೆಯದೂ ನೀರು. ಲೋಟ ಹಿಡಿದ ಹಾಗೇ ಎಣಿಸುತ್ತ ಹೋದೆ. ಐದಾರು ಹನಿಯಾದ ಮೇಲೆ ಕಪ್ಪು ಎಣ್ಣೆ ಇಳಿಯಿತು. ಕಪ್ಪೇ, ಹಾಲಿನ ಬಣ್ಣವಲ್ಲ.

ಲೋಟವನ್ನು ಬಿಸಿಲಿಗೆ ಹಿಡಿದೆ. ಈ ಕಾರಿನ ಕೂಲೆಂಟ್ ನೀಲಿ. ಲೋಟದ ತಳದ ನೀರಿಗೆ ಬಣ್ಣವೇ ಇಲ್ಲ. ಮೂಸಿದೆ, ಕೂಲೆಂಟಿನ ಸಿಹಿವಾಸನೆಯೂ ಇಲ್ಲ. ಲೋಟವನ್ನು ಮೇಡಂ ಕೈಗೆ ಕೊಟ್ಟೆ.

"ಹಬೆ ನೀರು," ಅಂದರು ಅವರು, ಬಹಳ ಮೆತ್ತಗೆ.

ಆದರೆ ಕಡಿಮೆಯಾಗಿದ್ದ ಕೂಲೆಂಟ್ ಎಲ್ಲಿಗೆ ಹೋಯಿತು? ತೊಟ್ಟಿಯ ಬಾಯಿಗೆ ಕೈಪಂಪು ಜೋಡಿಸಿ ಗಾಳಿಯ ಒತ್ತಡ ಕೊಟ್ಟೆ. ಪಂಪಿನ ಮೀಟರಿನ ಮುಳ್ಳು ನಿಧಾನಕ್ಕೆ ಕೆಳಗಿಳಿಯಿತು. ಎಲ್ಲೋ ಸೋರುತ್ತಿದೆ. ಮುಕ್ಕಾಲು ಗಂಟೆ ಟಾರ್ಚು, ಕನ್ನಡಿ ಹಿಡಿದು ಹುಡುಕಿದ ಮೇಲೆ ಎಂಜಿನ್ನಿನ ಹಿಂಬದಿಯಲ್ಲಿ ಕೊಳವೆ ಕೂಡುವ ಜಾಗದಲ್ಲಿ ಬಟ್ಟೆಗೆ ಹಾಕುವ ನೀಲಿಯಂಥ ಒಣಪುಡಿ ಕಂಡಿತು. ಒಳಗಿನ ರಬ್ಬರ್ ಬಳೆ ಒಣಗಿ ಬಿರುಕು ಬಿಟ್ಟಿತ್ತು. ಅಂದರೆ ನೀರು ಎಂಜಿನ್ನಿನ ಒಳಗಲ್ಲ, ಹೊರಗೆ ಹೋಗಿದೆ. ಹೊಸ ಬಳೆ ಹಾಕಿ ಮತ್ತೆ ಒತ್ತಡ ಕೊಟ್ಟೆ. ನಾನು ಒಂದು ಕಾಫಿ ಕುಡಿದು ಬರುವವರೆಗೂ ಮುಳ್ಳು ಅಲುಗಲಿಲ್ಲ.

ಆರೂ ಸ್ಪಾರ್ಕ್ ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರಿನ ಒತ್ತಡ ಅಳೆದೆ. ಮೇಡಂ ಬರೆದುಕೊಂಡರು. ಆರನೆಯದನ್ನು ಬರೆದು ತಲೆಯೆತ್ತಿ, "ನಮ್ಮ ಲ್ಯಾಬಿನಲ್ಲಿ ಹುಡುಗರು ಇಷ್ಟು ಹತ್ತಿರದ ರೀಡಿಂಗ್ ತಂದ್ರೆ ಕಾಪಿ ಹೊಡೆದಿದ್ದಾರೆ ಅಂತೀನಿ," ಅಂದರು.

ಹಳೆಯ ಎಣ್ಣೆ ಪೂರ್ತಿ ಇಳಿಸಿ, ಫಿಲ್ಟರ್ ಬದಲಿಸಿ, ಹೊಸದು ತುಂಬಿದೆ. ಮುಚ್ಚಳದ ಕೆನೆ ಒರೆಸಿದೆ. ಸ್ಟಾರ್ಟ್ ಮಾಡಿ, ಕೂಲೆಂಟ್ ತೊಟ್ಟಿಯ ಬಾಯಿಗೆ ನೀಲಿ ದ್ರವದ ಗಾಜಿನ ನಳಿಗೆ ಇಟ್ಟೆ. ಉರಿದ ಗಾಳಿ ಗ್ಯಾಸ್ಕೆಟ್ ದಾಟಿ ನೀರಿಗೆ ನುಗ್ಗುತ್ತಿದ್ದರೆ ಆ ನೀಲಿ ಹಳದಿಯಾಗುತ್ತದೆ. ನಾಲ್ವರೂ ನಳಿಗೆಯ ಸುತ್ತ ನಿಂತೆವು. ಹತ್ತು ನಿಮಿಷ. ನೀಲಿ ನೀಲಿಯಾಗಿಯೇ ಉಳಿಯಿತು.

ಉಳಿದದ್ದು ರಸ್ತೆ. ಎಂಜಿನ್ ಪೂರ್ತಿ ಕಾಯಬೇಕು, ಕಾದ ಮೇಲೆ ಹೇಗಿರುತ್ತದೆ ನೋಡಬೇಕು. ಯಜಮಾನನ ಹೆಂಡತಿ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು ಹಿಂದೆ ಸರಿದರು.

"ಬನ್ನಿ ಅಕ್ಕ, ನೀವೂ ಕೂತ್ಕೊಳಿ," ಅಂದರು ಮೇಡಂ.

"ನಾನಾ? ಎಲ್ಡು ವರ್ಸ ಕೈ ಮುಗ್ದಿದೀನಿ ಕಣವ್ವ. ಒಂದ್ ದಪನೂ ಒಳೀಕೆ ಕೂತಿಲ್ಲ."

ಯಜಮಾನನಿಗೆ ಇದು ಆಗಷ್ಟೇ ಹೊಳೆದದ್ದು. "ಓಗು, ಕೂತ್ಕೋ ಓಗು," ಅಂದು ನೆಲ ನೋಡಿದ.

ಆಕೆ ಕಾಲು ಒರೆಸಿಕೊಂಡು ಮುಂದೆ ಕೂತರು. ಮೇಡಂ ಹಿಂದಿನ ಇಕ್ಕಟ್ಟಿನಲ್ಲಿ ಮೊಣಕಾಲು ಮಡಿಸಿ ಕೂತು, ಕಾರಿಗೆ ಜೋಡಿಸಿದ ನನ್ನ ಸ್ಕ್ಯಾನರ್ ಹಿಡಿದು ಎಣ್ಣೆಯ ಶಾಖವನ್ನು ಓದುತ್ತ ಬಂದರು. ಹಲಗೂರಿನ ಕಡೆಗೆ, ಹಳೆಯ ಟೈರಿನ ನೆನಪಿಟ್ಟುಕೊಂಡು, ಮದುವೆ ಗಾಡಿಯ ವೇಗದಲ್ಲಿ ಹೊರಟೆ. ಎಪ್ಪತ್ತು ಡಿಗ್ರಿ. ಎಂಬತ್ತು. ತೊಂಬತ್ತು. ಎಂಜಿನ್ನಿನ ಸದ್ದು ತಾನಾಗಿ ತಗ್ಗಿ, ಗಂಟಲು ಸರಿಮಾಡಿಕೊಂಡ ಗಾಯಕನ ಹಾಗೆ ಸಪಾಟಾಯಿತು. ಎದುರಿಗೆ ನೇರ ರಸ್ತೆ, ಮುಂದೆ ಹಿಂದೆ ಯಾರೂ ಇಲ್ಲ.

ನಾನು ಆಕ್ಸಿಲರೇಟರನ್ನು ಹೆಬ್ಬೆರಳಷ್ಟು ಒತ್ತಿದೆ, ಅಷ್ಟೇ.

ಆಮೇಲಿನ ನಾಲ್ಕು ಸೆಕೆಂಡಿನ ಬಗ್ಗೆ ನನಗೆ ಪಾಂಡಿತ್ಯ ಇಲ್ಲ. ಗದ್ದಲ ಇಲ್ಲ, ಅದುರಾಟ ಇಲ್ಲ. ಯಾರೋ ದೊಡ್ಡ ಕೈ ಬೆನ್ನ ಹಿಂದೆ ಇಟ್ಟು, ಅವಸರವಿಲ್ಲದೆ, ಆದರೆ ನಿಲ್ಲಿಸುವ ಯೋಚನೆಯೂ ಇಲ್ಲದೆ, ಮುಂದಕ್ಕೆ ನೂಕಿದ ಹಾಗೆ. ಎರಡೂ ಬದಿಯ ಕಬ್ಬಿನ ಗದ್ದೆ ಒಂದೇ ಹಸಿರು ಗೋಡೆಯಾಯಿತು. ಇಷ್ಟು ವರ್ಷ ಎಂಜಿನ್ ರಿಪೇರಿ ಮಾಡಿದ್ದೇನೆ. ಅವು ಸುಸ್ಥಿತಿಯಲ್ಲಿದ್ದಾಗ ಏನು ಮಾಡಬಲ್ಲವು ಎಂದು ನನಗೆ ಯಾರೂ ಹೇಳಿರಲಿಲ್ಲ. ಕಾಲು ತೆಗೆದು ಬ್ರೇಕ್ ಮುಟ್ಟಿದೆ. ಕಾರು ಒಂದಿಷ್ಟೂ ಪಕ್ಕಕ್ಕೆ ಎಳೆಯದೆ, ಮಾತು ಕೇಳುವ ಆನೆಯ ಹಾಗೆ ನಿಧಾನವಾಯಿತು.

ಯಜಮಾನನ ಹೆಂಡತಿ ಮಡಿಲಲ್ಲಿ ಕೈ ಕಟ್ಟಿಕೊಂಡು, ಎದುರಿನ ರಸ್ತೆ ನೋಡುತ್ತಲೇ, "ಅಲ್ಲ ಕಣಣ್ಣ, ಇಷ್ಟು ಸಕ್ತಿ ಇರೋದ್ನ ನಾವು ಕಟ್ಟಾಕಿದ್ವಾ?" ಅಂದರು.

ಹಲಗೂರಿನ ಹತ್ತಿರ ಗಾಡಿ ತಿರುಗಿಸಿ ಮೇಡಂ ಕೈಗೆ ಕೊಟ್ಟೆ. ನಿಯಮ ತಪ್ಪದ ಹೆಂಗಸು. ವಾಪಸು ಬರುವಾಗ ಅದೇ ನೇರ ರಸ್ತೆಯಲ್ಲಿ ಒಂದೇ ಒಂದು ಸಲ ಒತ್ತಿದರು. ಆಲೆಮನೆಯ ಮುಂದೆ ನಿಲ್ಲಿಸಿ, ಎಂಜಿನ್ ಆರಿಸಿದ ಮೇಲೂ ಸ್ಟಿಯರಿಂಗ್ ಬಿಡಲಿಲ್ಲ.

"ತಗುಲ್ತು ಅಣ್ಣ," ಅಂದರು.

ಬಾನೆಟ್ ಎತ್ತಿ, ಬಟ್ಟೆ ಸುತ್ತಿಕೊಂಡು ಎಣ್ಣೆ ಮುಚ್ಚಳ ತೆಗೆದೆ. ಜೇನಿನ ಬಣ್ಣದ ತೆಳು ಎಣ್ಣೆ ಬಿಟ್ಟು ಏನೂ ಇರಲಿಲ್ಲ. ಜೇಬಿನಿಂದ ಹಳೆಯ ತೀರ್ಪನ್ನು ತೆಗೆದು ಕೈ ಒರೆಸಿಕೊಂಡೆ. ಒಳ್ಳೆಯ ಕಾಗದ, ಎಣ್ಣೆ ಚೆನ್ನಾಗಿ ಹೀರಿತು.

ಆದರೂ, ಮಾರನೆಯ ದಿನಕ್ಕೆ ಕಾಯದೆ ಅಲ್ಲೇ ಕೂತು ಬರೆದ ಹೊಸ ತೀರ್ಪಿಗೆ ನಾನು ಹೊಗಳಿಕೆ ಸೇರಿಸಲಿಲ್ಲ. ನಾಲ್ಕು ಟೈರು ಹೊಸದಾಗುವವರೆಗೆ ಬಲಗಾಲು ಹಗುರ. ಚೀಟಿಯಲ್ಲಿ ಮೂರರಲ್ಲಿ ಒಂದು ಪಾಲು ಮುಟ್ಟದೆ ಬ್ಯಾಂಕಿನಲ್ಲಿರಬೇಕು, ಯಾಕೆಂದರೆ ಇವತ್ತಲ್ಲ ನಾಳೆ ಪೆಟ್ರೋಲಿನ ದೊಡ್ಡ ಪಂಪೋ ಟರ್ಬೊವೋ ತನ್ನ ಕಪ್ಪ ಕೇಳುತ್ತದೆ. 'ಕೇಳಿದ ದಿನ ಕೊಡಲಾಗದಿದ್ದಲ್ಲಿ ಈಗಲೇ ರೂಮು ಕಟ್ಟಿಸುವುದು ಲೇಸು. ಕೊಡಬಲ್ಲವರಾದರೆ ಸದರಿ ವಾಹನವನ್ನು ಕೊಳ್ಳತಕ್ಕದ್ದು.' ಮೇಡಂ ಎರಡು ಸಲ ಓದಿದರು. ಯಜಮಾನನ ಹತ್ತಿರ ಹೋಗಿ, ಪಾಠ ಮಾಡುವ ದನಿಯಲ್ಲಿ ಟೈರಿನ ವಯಸ್ಸು ವಿವರಿಸಿದರು. ಆ ಮೂರರಲ್ಲೊಂದು ಪಾಲಿನ ಬಹುಭಾಗ ಬೆಲೆಯಲ್ಲೇ ಇಳಿಯಿತು. "ಬಿಡ್ರವ್ವ, ಇನ್ನು ಸ್ವಲ್ಪ ಒತ್ತು ಪಾಠ ಕೇಳುದ್ರೆ ಪುಗ್ಸಟ್ಟೆ ಕೊಟ್ಬುಡ್ತೀನಿ," ಅಂದ ಯಜಮಾನ.

ಹೊರಡುವಾಗ ಆತನ ಹೆಂಡತಿ ನನ್ನನ್ನು ತಡೆದರು. "ಮುಚ್ಚಳದಲ್ಲಿ ಅದೇನೋ ಇತ್ತಂತಲ್ಲಣ್ಣ. ಯಾಕೆ ಬಂದಿತ್ತು?"

ಸುಳ್ಳು ಹೇಳಬಹುದಿತ್ತು. ಅಳತೆ ಮಾಡಿದ ದಿನವೇ ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಪೂಜೆ ಸರಿಯಾಗೇ ಇತ್ತು ಕಣವ್ವ. ಪೂಜೆ ಆದ್ಮೇಲೆ ಒಂದು ಹತ್ತು ಮೈಲಿ ಓಡುಸ್ಬೇಕಾಗಿತ್ತು. ಎಂಜಿನ್ ಬಿಸಿಯಾಗೋಕ್ ಮೊದ್ಲೇ ಆರ್ಸಿದ್ದಕ್ಕೆ ಒಳಗೆ ನೀರು ನಿಂತ್ಕತು."

ಆಕೆ ಮೇಡಂ ಕಡೆ ತಿರುಗಿ, "ಅಂಗಾರೆ ಸುಕ್ರವಾರ ಕಾಲೇಜು ಮುಗ್ಸಕಂಡು ಇತ್ಲಾಗೇ ಬನ್ನಿ ಮೇಡಮ್ಮ. ಪೂಜೆ ನಂದು. ಓಡ್ಸೋದು ನಿಮ್ದು. ಮುಂದ್ಗಡೆ ಸೀಟು ಮಾತ್ರ ನಂಗೇ ಮಡಗಿ," ಅಂದರು.

ಆರು ತಿಂಗಳಾದ ಮೇಲೆ ಮೇಡಂ ಎಣ್ಣೆ ಬದಲಿಸಲು ಗುತ್ತಲಿಗೆ ಬಂದರು. ಹೊಸ ಟೈರು. ಹಿಂದಿನ ಸೀಟಿನಲ್ಲಿ ಎರಡು ಅಚ್ಚು ಬೆಲ್ಲ, ಒಂದು ನನಗಂತೆ. ನಾನು ಬಾನೆಟ್ ಎತ್ತಿ ಎಣ್ಣೆ ಮುಚ್ಚಳ ತಿರುಗಿಸಿದೆ. ಒಳಗಡೆ ಕೆನೆಯ ಸುಳಿವೂ ಇಲ್ಲ. ಹೊರಗಡೆ, ನೆತ್ತಿಯ ಮೇಲೆ, ಒಂದು ಬೊಟ್ಟು ಕುಂಕುಮ. ಅದನ್ನು ಒರೆಸದ ಹಾಗೆ ಅಂಚು ಹಿಡಿದು ಮುಚ್ಚಳವನ್ನು ಪಕ್ಕಕ್ಕಿಟ್ಟೆ.